ಮರಕ್ಕೆ ಹತ್ತಡಿ ಮೊದಲೇ ನಿಲ್ಲುವ ರೈಲು

ನಮ್ಮ ಹಿತ್ತಲಿನ ರೈಲಿನ ಫೋಟೋ ಹಾಕಿದ ದಿನದಿಂದ ಜನ ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. ಒಂದು, ಇದೇನು ಹುಚ್ಚು ನಿಮಗೆ? ಎರಡು, ಅಷ್ಟುದ್ದ ಕಂಬಿ ಹಾಕಿದವರು ಮರದ ಬುಡದವರೆಗೂ ಹಾಕದೆ ಹತ್ತಡಿ ಮೊದಲೇ ಯಾಕೆ ನಿಲ್ಲಿಸಿದಿರಿ? ಕಬ್ಬಿಣ ಸಾಲಲಿಲ್ಲವಾ ಅಂತ ಒಬ್ಬರು. ಗಂಡ ಹೆಂಡತಿ ಜಗಳ ಆಡಿಕೊಂಡು ಅರ್ಧಕ್ಕೇ ಬಿಟ್ಟಿರಾ ಅಂತ ಇನ್ನೊಬ್ಬರು. ಕಬ್ಬಿಣದ ಮಾತು ಸ್ವಲ್ಪ ನಿಜ. ಜಗಳದ ಮಾತೂ ಸ್ವಲ್ಪ ನಿಜ, ಆದರೆ ಆಡಿದ್ದು ಗಂಡ ಹೆಂಡತಿಯಲ್ಲ. ಕಾಮೆಂಟಿನಲ್ಲಿ ಮುಗಿಯುವ ಉತ್ತರವಲ್ಲ ಇದು, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರ. ಅಲ್ಲಿಗೆ ರೈಲು ಬಂದು ಮುಗಿಯುತ್ತದೆ, ಮುಂದೆ ಕಂಬಿಯಿಲ್ಲ. ಮದುವೆಯಾಗಿ ಬಂದದ್ದು ಗುಂಡ್ಲುಪೇಟೆ. ಇಲ್ಲಿಗೆ ರೈಲು ಬಂದೇ ಇಲ್ಲ. ಬರುತ್ತದೆ ಎನ್ನುವ ಮಾತು ಮಾತ್ರ ಆಗಾಗ ಬಂದು ಹೋಗುತ್ತದೆ. ನಮ್ಮಪ್ಪ ರೈಲ್ವೆಯಲ್ಲಿ ಟ್ರಾಲಿಮನ್ ಆಗಿದ್ದವರು. ಟ್ರಾಲಿ ನೋಡದವರಿಗೆ ಹೇಳುತ್ತೇನೆ: ಕಂಬಿ ಮೇಲೆ ನಾಲ್ಕು ಗಾಲಿ, ಗಾಲಿ ಮೇಲೆ ಹಲಗೆ, ಹಲಗೆ ಮೇಲೆ ಬೆಂಚು, ಬೆಂಚಿನ ಮೇಲೆ ಸಾಹೇಬರು, ಸಾಹೇಬರ ತಲೆ ಮೇಲೆ ದೊಡ್ಡ ಛತ್ರಿ. ಸಾಹೇಬರು ಕಂಬಿ ಸರಿಯಿದೆಯಾ ಅಂತ ನೋಡಿಕೊಂಡು ಹೋಗಬೇಕು, ಟ್ರಾಲಿಮನ್‌ಗಳು ಹಿಂದಿನಿಂದ ತಳ್ಳಬೇಕು. ತಳ್ಳುವುದು ನೆಲದ ಮೇಲೆ ನಡೆದುಕೊಂಡು ಅಲ್ಲ, ಅಂಗೈಯಗಲವೂ ಇಲ್ಲದ ಕಂಬಿಯ ಮೇಲೆ ಓಡಿಕೊಂಡು. ಅಪ್ಪ ನಂಜನಗೂಡಿಗೂ ನಗರಕ್ಕೂ, ಅಂದರೆ ಚಾಮರಾಜನಗರಕ್ಕೂ, ನಡುವೆ ಹಾಗೆ ಓಡಿ ಓಡಿಯೇ ರಿಟೈರಾದರು. ಈಗಲೂ ಫುಟ್‌ಪಾತಿನ ಅಂಚಿನ ಕಲ್ಲಿನ ಮೇಲೆಯೇ ನಡೆಯುತ್ತಾರೆ. ಅಗಲವಾದ ಜಾಗ ಕೊಟ್ಟರೆ ಅವರಿಗೆ ನಡೆಯಲು ಬರುವುದಿಲ್ಲ.

ನನ್ನ ಗಂಡನದು ಊಟಿ ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುವ ಅಂಗಡಿ. ಈ ಊರಿನ ಅರ್ಧ ಮನೆಗಳ ಕಿಟಕಿಗೆ ಇವರದೇ ಕಂಬಿ. ಮಾವ ಅಳಿಯ ಇಬ್ಬರೂ ಬದುಕಿಡೀ ಕಬ್ಬಿಣದ ಜೊತೆ ಇದ್ದವರು, ಬೇಕಾದಷ್ಟು ಮಾತಾಡಬಹುದಿತ್ತು. ಆಡುತ್ತಿರಲಿಲ್ಲ. ಇಪ್ಪತ್ತು ವರ್ಷ ಮೇಲಾಯಿತು, ‘ಚೆನ್ನಾಗಿದ್ದೀರಾ ಮಾವ’ ಅಂತ ಇವರು, ‘ಊಂ, ನೀವು’ ಅಂತ ಅವರು. ಮಿಕ್ಕಿದ್ದೆಲ್ಲ ನನ್ನ ಮೂಲಕ. ಅಪ್ಪನಿಗೆ ಬಿಸಿನೀರು ಬೇಕು ಅಂದರೆ ನನಗೆ ಹೇಳುತ್ತಿದ್ದರು, ಬಚ್ಚಲ ಒಲೆ ಮುಂದೆ ಇವರೇ ಕೂತಿದ್ದರೂ.

ಇನ್ನು ನಮ್ಮತ್ತೆ. ಈ ರೈಲು ಹುಟ್ಟಿದ್ದೇ ಅವರಿಂದ.

ಅತ್ತೆ ಬೆಳಗ್ಗೆ ಸ್ನಾನ ಮಾಡಿ, ಹಿತ್ತಲ ತುದಿಯಲ್ಲಿರುವ ಬಿಲ್ವದ ಮರದಿಂದ ಪತ್ರೆ ಕಿತ್ತು ತಂದು, ಲಿಂಗಪೂಜೆ ಮುಗಿಸಿ ಆಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ಪತ್ರೆಯನ್ನು ತಾವೇ ಕೀಳಬೇಕು. ಇದು ಎಲ್ಲರ ಮನೆಯ ಪದ್ಧತಿಯಲ್ಲ. ಎಷ್ಟೋ ಮನೆಗಳಲ್ಲಿ ಹೂವಿನವಳು ಕಟ್ಟಿಕೊಟ್ಟದ್ದನ್ನೇ ಏರಿಸುತ್ತಾರೆ. ಇದು ಅತ್ತೆಗೆ ಅವರ ಅತ್ತೆ ಹೇಳಿಕೊಟ್ಟ ಕಾನೂನು. ನನಗೆ ಹೇಳಿಕೊಡಲು ನೋಡಿದರು, ನಾನು ಕಲಿಯಲಿಲ್ಲ. ಅದು ಬೇರೆ ಮಾತು.

ನಮ್ಮ ಸೈಟು ಅಗಲ ಕಡಿಮೆ, ಉದ್ದ ಜಾಸ್ತಿ. ಅಡುಗೆಮನೆ ಬಾಗಿಲಿಂದ ಬಿಲ್ವದ ಮರಕ್ಕೆ ನೂರಿಪ್ಪತ್ತಡಿ, ಮರದ ಬುಡದ ಹತ್ತಿರ ಬಿಟ್ಟರೆ ಅಷ್ಟೂ ಇಳಿಜಾರು. ನಡುವೆ ತೆಂಗಿನ ಮರ, ಅತ್ತೆಯ ಕನಕಾಂಬರ, ಒಂದಿಷ್ಟು ಬದನೆ, ಮೆಣಸಿನಕಾಯಿ. ಹೋದ ವರ್ಷ ಅತ್ತೆಯ ಎರಡೂ ಮಂಡಿ ಕೈಕೊಟ್ಟವು. ಒಂದು ಬೆಳಗ್ಗೆ ಪತ್ರೆಗೆ ಹೋದವರು ಇಳಿಜಾರಿನಲ್ಲಿ ಜಾರಿ ಕೂತುಬಿಟ್ಟರು. ನಾನೂ ಪಕ್ಕದ ಮನೆಯಾಕೆಯೂ ಸೇರಿ ಎತ್ತಿಕೊಂಡು ಬಂದೆವು. ಮನೆಯೊಳಗೆ ಕೋಲು ಹಿಡಿದು ಓಡಾಡಲಿ, ಇಳಿಜಾರು ಹತ್ತಿ ಇಳಿಯುವುದು ಬೇಡವೇ ಬೇಡ ಎಂದರು ಡಾಕ್ಟರು.

ಮಾರನೆಯ ದಿನ ನಾನು ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಹೋಗಿ, ಒಳ್ಳೆ ಮೂರೆಲೆಯ ಪತ್ರೆ ಆರಿಸಿ ಕಿತ್ತು ತಂದು ತಟ್ಟೆಯಲ್ಲಿಟ್ಟೆ. ಅತ್ತೆ ನೋಡಿದರು.

“ಯಾಕತ್ತೆ, ಹುಳ ಗಿಳ ಇದ್ಯಾ?”

“ಇಲ್ಲ ಕಣಮ್ಮಿ, ಚೆಂದಾಗದೆ.”

“ಮತ್ತೆ?”

“ನನ್ ಕಾಲಲ್ಲಿ ಓಗಿ ನನ್ ಕೈಲಿ ಕಿತ್ರೆ ಅದು ಪತ್ರೆ. ನೀನು ತಂದ್ರೆ ಸೊಪ್ಪು.”

ಸೊಪ್ಪಂತೆ! ಸಾರು ಮಾಡಿಬಿಡಲಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅತ್ತೆ ಬರೀ ವಿಭೂತಿ ಇಟ್ಟು ಪೂಜೆ ಮುಗಿಸಿದರು. ತಿಂಡಿಗೆ ಕರೆದರೆ, “ಪೂಜೆ ಅರ್ಧವೇ ಆಗಿರದು, ನಂಗೂ ಅರ್ಧ ಲೋಟ ಕಾಫಿ ಸಾಕು” ಎಂದರು. ಒಂದು ದಿನದ ಹಟ ಅಂದುಕೊಂಡೆ. ವಾರ ಕಳೆಯಿತು, ಎರಡು ವಾರ ಕಳೆಯಿತು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ಬೆಳಗಿನ ಮಾತ್ರೆ ನುಂಗಿ ಹೊಟ್ಟೆಗೆ ಏನೂ ಹಾಕದಿದ್ದರೆ ಏನಾಗಬೇಕೋ ಅದೇ ಆಯಿತು. ಒಂದು ದಿನ ಹತ್ತು ಗಂಟೆ ಹೊತ್ತಿಗೆ ಅಡುಗೆಮನೆ ಕಟ್ಟೆ ಹಿಡಿದುಕೊಂಡು ಮೆಲ್ಲಗೆ ಕುಸಿದರು. ಬಾಯಿಗೆ ಸಕ್ಕರೆ ಹಾಕಿ, ಆಟೋದಲ್ಲಿ ಕೂರಿಸಿಕೊಂಡು ಓಡಿದೆ. ಡಾಕ್ಟರು ಬೈದದ್ದು ಅವರಿಗಲ್ಲ, ನನಗೆ. “ಬೆಳಗ್ಗೆ ಹೊತ್ತೊತ್ತಿಗೆ ತಿನ್ನಿಸೋಕೂ ಆಗಲ್ವೇನಮ್ಮ ನಿಮಗೆ? ಇನ್ನೊಂದ್ಸಲ ಹಿಂಗಾದ್ರೆ ಕಷ್ಟ.”

ನಿಮ್ಮ ತಲೆಗೆ ಈಗ ಬರುತ್ತಿರುವುದೆಲ್ಲ ನಮ್ಮ ತಲೆಗೂ ಬಂದಿತ್ತು. ಗಾಲಿಕುರ್ಚಿ ತಂದೆವು, ಕೆಮ್ಮಣ್ಣಿನಲ್ಲಿ ಗಾಲಿ ಹೂತುಕೊಂಡಿತು. ಎರಡನೆಯ ದಿನ ಅದನ್ನು ಮುಟ್ಟಲೂ ಅತ್ತೆ ಒಪ್ಪಲಿಲ್ಲ. “ಆಸ್ಪತ್ರೆ ಕುರ್ಚಿಲಿ ಕೂತ್ಕಂಡು ಪತ್ರೆಗೆ ಓದಾರ?” ನನ್ನ ಗಂಡ ಹೊತ್ತುಕೊಂಡು ಹೋಗುತ್ತೇನೆ ಎಂದರು. “ಮಗನ ಎಗಲ ಮೇಲೆ ಕೂತು ಮೆರವಣ್ಗೆ ಓಗಕ್ಕೆ ನಾನೇನು ದ್ಯಾವ್ರಾ? ಸುಮ್ಕಿರ್ಲಾ.” ಬಿಲ್ವದ ಗಿಡವನ್ನೇ ಬಾಗಿಲ ಹತ್ತಿರ ನೆಟ್ಟರೆ? ನೆಟ್ಟೆವು. ಮೊಣಕಾಲುದ್ದ ಇದೆ ಈಗ.

ಆ ಹೊತ್ತಿಗೆ ಬೀಗಿತಿಯನ್ನು ನೋಡಿಕೊಂಡು ಹೋಗಲು ಅಪ್ಪ ನಗರದಿಂದ ಬಂದರು. ಕಾಫಿ ಕುಡಿದು, ಎಲ್ಲ ಕೇಳಿಸಿಕೊಂಡು, ಎದ್ದು ಹಿತ್ತಲಿಗೆ ಹೋದರು. ಬಾಗಿಲಿಂದ ಮರದವರೆಗೆ ನಡೆದರು. ತಿರುಗಿ ಬಂದರು. ಮತ್ತೆ ಹೋದರು. ಏನೋ ಕಳೆದುಕೊಂಡಿದ್ದಾರೆ ಅಂದುಕೊಂಡೆ.

“ಮಗ, ನಿನ್ ಗಂಡನ ಅಂಗ್ಡಿಲಿ ಪೈಪು ಎಷ್ಟುದ್ದ ಬತ್ತದೆ?”

“ಇಪ್ಪತ್ತಡಿ.”

“ಅಂಗಾರೆ ಆರು ಜೊತೆ. ಟ್ರಾಲಿ ಹಾಕ್ಬುಡನ.”

ಅತ್ತೆ ಒಳಗಿನಿಂದಲೇ ಕೇಳಿದರು. “ಏನಂತೆ ನಿಮ್ಮಪ್ಪಂದು?”

“ರೈಲು ಹಾಕ್ತಾರಂತೆ ಅತ್ತೆ, ನಿಮಗೆ.”

“ಯಾರು ತಳ್ಳೋರು?”

ಅಪ್ಪ ಎದೆ ಮುಟ್ಟಿಕೊಂಡು, “ನಾನಿಲ್ವಾ ಬೀಗ್ತಿಯೋರೆ, ಎಂತೆಂತಾ ಸಾಹೇಬ್ರನ್ನೇ ತಳ್ಳಿವ್ನಿ” ಎಂದರು.

ಅತ್ತೆ ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದರು. “ಏನ್ ಮಾತಾಡ್ತೀರಿ ಬೀಗ್ರೆ? ಸೊಸೆ ಅಪ್ಪನ ಕೈಲಿ ಗಾಡಿ ತಳ್ಳಿಸ್ಕಂಡ್ಳು ಅಂತ ನಾಳೆ ಬೀದಿಲಿ ಉಗಿಯಕ್ಕಿಲ್ವಾ? ನೀವು ತಳ್ಳದಾದ್ರೆ ನಾನು ಆ ದಿಕ್ಕಿಗೂ ತಲೆ ಹಾಕಕ್ಕಿಲ್ಲ.”

ಮಾತು ನ್ಯಾಯವೇ. ಬೀಗರಿಂದ ಒಂದು ಲೋಟ ಎತ್ತಿಸಬಾರದು ಅನ್ನುವ ಜನ ನಾವು. ಆಗ ನನ್ನ ಗಂಡ ಬಾಯಿ ಬಿಟ್ಟರು, ನನ್ನ ಕಡೆ ನೋಡಿಕೊಂಡು. “ನಮ್ಮ ಹಳೇ ಬ್ಯಾಟರಿ ಸ್ಕೂಟರ್ ಶೆಡ್ಡಲ್ಲಿ ಬಿದ್ದದೆ. ಅದ್ರ ಮೋಟ್ರು ಹಾಕ್ಬೋದು ಅಂತ ನಿಮ್ಮಪ್ಪಂಗೆ ಹೇಳು.” ಅಪ್ಪ ಎರಡು ಮಾರು ದೂರದಲ್ಲಿ ನಿಂತಿದ್ದರು. ನಾನು ತಿರುಗಿ, “ಅಪ್ಪ, ಮೋಟ್ರು ಹಾಕ್ಬೋದಂತೆ” ಎಂದೆ. “ಬ್ರೇಕು ಮೊದ್ಲು ಹಾಕಕ್ಕೆ ಹೇಳು” ಎಂದರು ಅಪ್ಪ.

ಹೀಗೆ ಶುರುವಾಯಿತು ಗುಂಡ್ಲುಪೇಟೆಯ ರೈಲು. ಕೆಲಸ ಹಂಚಿಕೆಯಾಯಿತು. ಗಾಲಿ, ಅಚ್ಚು, ಬ್ರೇಕು ಅಪ್ಪನದು, ನಗರದಲ್ಲಿ ಅವರಿಗೆ ಗೊತ್ತಿದ್ದ ಕಬ್ಬಿಣ ಕಡೆಯುವ ಒಬ್ಬ ಲೇತಿನವರ ಹತ್ತಿರ ಮಾಡಿಸಿಕೊಂಡು ಬರುತ್ತಾರೆ. ಕಂಬಿ, ಸೀಟು, ಮೋಟರು ನನ್ನ ಗಂಡನದು. ನಡುವೆ ನಾನು, ಫೋನು ಹಿಡಿದುಕೊಂಡು.

ಅಪ್ಪ ಫೋನಿನಲ್ಲಿ ಹೇಳಿದರು: “ಬರ್ಕೊ ಮಗ. ಕಂಬಿಯಿಂದ ಕಂಬಿಗೆ ಹದ್ನೈದಿಂಚು. ಇದೊಂದು ತಪ್ಪಿದ್ರೆ ಎಲ್ಲಾ ತಪ್ತದೆ. ನಿಮ್ಮತ್ತೆ ಮಂಡಿಗೆ ಸೀಟು ಎತ್ರ ಇರ್ಬೇಕು, ಸೀಟು ಎತ್ರ ಆದ್ರೆ ಕಂಬಿ ಅಗಲ ಇರ್ಬೇಕು.” ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಗಂಡ ಊಟಕ್ಕೆ ಬಂದಾಗ ಓದಿ ಹೇಳಿದೆ. ಕಂಬಿಯಿಂದ ಕಂಬಿಗೆ ಹದಿನೈದಿಂಚು. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ.

ಇವರು ಒಂದಿಂಚಿನ ದಪ್ಪನೆಯ ಚೌಕ ಪೈಪು ತಂದು, ಅಂಗಡಿ ಮುಂದೆ ಜೋಡಿಸಿ, ಅಡ್ಡಪಟ್ಟಿಗಳನ್ನು ಬೆಸುಗೆ ಹಾಕಿದರು. ಆರು ಏಣಿ ಮಾಡಿ ಮಲಗಿಸಿದ ಹಾಗಿತ್ತು. ತೆಂಗಿನ ಮರ ಸುತ್ತಿಕೊಂಡು ಹೋಗಲು ಒಂದನ್ನು ಬಿಲ್ಲಿನ ಹಾಗೆ ಬಗ್ಗಿಸಿದ್ದರು. ಗೇಟಿಗೆ ಹೊಡೆಯುವ ಬೆಳ್ಳಿ ಬಣ್ಣವನ್ನೇ ಇದಕ್ಕೂ ಹೊಡೆದರು. ಸೀಟಿನ ಮುಂದೆ ಕಮಲದ ಹೂವಿನ ಗ್ರಿಲ್ಲು. “ಅದ್ಯಾಕೆ ರೀ ಹೂವು?” ಅಂದರೆ, “ಬರೀ ಖಾಲಿ ಬಿಟ್ರೆ ಕೆಲಸಗಾರ ಅಂತಾರಾ ನನ್ನ?” ಎಂದರು. ಎದುರಿನ ಬೇಕರಿಯಲ್ಲಿ ಟೀ ಕುಡಿಯುವವರು ಬಂದು ಬಂದು ಕೇಳುತ್ತಿದ್ದರು. “ಏನಣ್ಣೋ, ಊಟಿಗೆ ಟಿಕೆಟ್ ಎಷ್ಟು?” ಇವರು ನಗದೆ, “ಹಿತ್ಲಲ್ಲಿ ಇಳಿಸ್ತೀನಿ, ಅಲ್ಲಿಂದ ನಡ್ಕಂಡು ಓಗು” ಎನ್ನುತ್ತಿದ್ದರು.

ಹಿತ್ತಲಲ್ಲಿ ಮಣ್ಣು ಸಮ ಮಾಡಿ, ಜಲ್ಲಿ ಹರಡಿ, ಆರೂ ಏಣಿ ಮಲಗಿಸಿ ಜೋಡಿಸಿಯಾಯಿತು. ಕೊನೆಯದು ಸರಿಯಾಗಿ ಬಿಲ್ವದ ಕೊಂಬೆಯ ಕೆಳಗೆ ಬಂದು ನಿಂತಿತು. ಕೂತಲ್ಲಿಂದಲೇ ಕೈ ಚಾಚಿದರೆ ಪತ್ರೆ. ನಮಗೆಲ್ಲ ಅದೇ ದೊಡ್ಡ ಹೆಮ್ಮೆ.

ಅಪ್ಪ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಬಂದಿಳಿದರು. ಗೊಬ್ಬರದ ಚೀಲದಲ್ಲಿ ನಾಲ್ಕು ಗಾಲಿ, ಎರಡು ಅಚ್ಚು, ಕಂಕುಳಲ್ಲಿ ಒಂದು ಮರದ ತುಂಡು. ಬಂದವರು ನೀರೂ ಕುಡಿಯಲಿಲ್ಲ, ನೇರ ಹಿತ್ತಲಿಗೆ ಹೋಗಿ ಮಂಡಿಯೂರಿ ಕೂತರು. ಮರದ ತುಂಡು ಹದಿನೈದು ಇಂಚಿಗೆ ಕತ್ತರಿಸಿದ ಅಳತೆಕೋಲು. ಅದನ್ನು ಎರಡು ಕಂಬಿಗಳ ನಡುವೆ ಇಳಿಸಲು ನೋಡಿದರು. ಇಳಿಯಲಿಲ್ಲ. ಇನ್ನೊಂದು ಕಡೆ ನೋಡಿದರು. ಅಲ್ಲೂ ಇಲ್ಲ. ಆಮೇಲೆ ಗಾಲಿಗಳನ್ನು ಅಚ್ಚಿನ ಸಮೇತ ಇಟ್ಟರು. ರೈಲಿನ ಗಾಲಿಗೆ ಒಳಗಡೆ ಒಂದು ತುಟಿ ಇರುತ್ತದೆ, ಅದು ಕಂಬಿಯ ಒಳಮಗ್ಗುಲಿಗೆ ಕೂತು ಗಾಡಿ ಜಾರದ ಹಾಗೆ ಹಿಡಿದುಕೊಳ್ಳುತ್ತದೆ. ನಮ್ಮ ಗಾಲಿಯ ತುಟಿ ಕಂಬಿಯ ನೆತ್ತಿಯ ಮೇಲೆ ಹತ್ತಿ ಕೂತಿತ್ತು.

ಆವತ್ತು ಅಪ್ಪ ನನ್ನ ಕಡೆ ತಿರುಗಲಿಲ್ಲ. ನೇರ ಅಳಿಯನನ್ನೇ ಕೇಳಿದರು.

“ಅಳೀಂದ್ರೆ, ನಾನು ಎಷ್ಟು ಏಳಿದ್ದೆ?”

“ಹದ್ನೈದು.”

“ಇದೆಷ್ಟದೆ?”

“ಹದ್ನೈದೇ ಅದೆ ಮಾವ. ಬೇಕಾರೆ ಟೇಪು ಹಿಡೀರಿ.”

ಟೇಪು ಬಂತು. ಇವರು ಈ ಕಂಬಿಯ ಹೊರ ಅಂಚಿಂದ ಆ ಕಂಬಿಯ ಹೊರ ಅಂಚಿಗೆ ಹಿಡಿದರು. ಹದಿನೈದು. ಅಪ್ಪ ಟೇಪು ಕಿತ್ತುಕೊಂಡು ಒಳ ಅಂಚಿಂದ ಒಳ ಅಂಚಿಗೆ ಹಿಡಿದರು. ಹದಿಮೂರು.

“ಒರಗಡೆ ಯಾರು ಅಳೀತಾರೆ? ಗಾಲಿ ಓಡದು ಒಳಗೆ!”

“ಗೇಟು ಕೂರೋದು ಹೊರಗಿನ ಅಳತೆಗೆ ಮಾವ. ಇಪ್ಪತ್ತೈದು ವರ್ಷದಿಂದ ಹಂಗೇ ಅಳೆದಿರೋದು. ಕಂಬಿ ಅಂದ್ರೆ ಕಂಬಿ ಸೇರಿಸೇ ಅಳೆಯೋದು.”

“ಇದು ಗೇಟಾ?”

“ನೀವು ಒಳಗೆ ಅಂತ ಹೇಳಿದ್ರಾ?”

“ಕಂಬಿಯಿಂದ ಕಂಬಿಗೆ ಅಂತ ಏಳಿವ್ನಲ್ಲ! ಇನ್ನೆಂಗೆ ಏಳದು?”

ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು. “ಇಬ್ಬರದೂ ಸರಿ ಅಂದ್ಮೇಲೆ ರೈಲು ಯಾಕ ಓಗಕ್ಕಿಲ್ಲ?”

ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ತಪ್ಪು ನನ್ನದಂತೆ! ನಾನು ಕ್ಯಾಲೆಂಡರು ತಂದು ಹಿಂದಿನ ಪುಟ ತೋರಿಸಿದೆ. ಕಂಬಿ ಅನ್ನುವ ಒಂದೇ ಮಾತು. ಒಬ್ಬರಿಗೆ ಅದರ ಮೇಲೆ ಗಾಲಿ ಓಡುತ್ತದೆ, ಇನ್ನೊಬ್ಬರಿಗೆ ಅದು ಕಳ್ಳ ಬರದ ಹಾಗೆ ನಿಲ್ಲುತ್ತದೆ. ಇಪ್ಪತ್ತು ವರ್ಷ ನೇರವಾಗಿ ಮಾತಾಡದೆ ನನ್ನನ್ನು ಪೋಸ್ಟ್‌ಮನ್ ಮಾಡಿಕೊಂಡವರಿಗೆ ಇಷ್ಟಾದರೂ ಆಗಬೇಡವಾ? ಅದನ್ನು ಹಾಗೇ ಹೇಳಿಯೂ ಬಿಟ್ಟೆ. “ಇನ್ಮೇಲೆ ಏನಿದ್ರೂ ನೀವು ನೀವೇ ಮಾತಾಡ್ಕೊಳಿ. ನಾನು ಹೇಳಲ್ಲ, ಬರೆಯಲ್ಲ.” ಕ್ಯಾಲೆಂಡರು ಅಲ್ಲೇ ಬಿಟ್ಟು ಒಳಗೆ ಹೋದೆ.

ಗಾಲಿಗಳನ್ನೇ ಹತ್ತಿರ ತಂದರೆ ಆಗುವುದಿಲ್ಲವಾ ಅಂತ ಇವರು ಕೇಳಿದ್ದು ಕೇಳಿಸಿತು. “ಆಯ್ತದೆ, ಆದ್ರೆ ಹದ್ಮೂರಿಂಚಿನ ಮೇಲೆ ನಿಮ್ಮವ್ವ ನಿಲ್ಲಕ್ಕಿಲ್ಲ. ಒಂದ್ ಕಡೆ ವಾಲ್ಕಂಡ್ರೆ ಗಾಡಿ ಮಗುಚ್ಕತದೆ. ಅವ್ರಿಗೆ ಇನ್ನೊಂದ್ಸಲ ಬೀಳೋ ವಯಸ್ಸಾ?” ಎಂದರು ಅಪ್ಪ. ಇವರು ಎದ್ದು ಹೋಗಿ ಗ್ರೈಂಡರು ತಂದರು.

ಅಪ್ಪ ನಾಲ್ಕು ದಿನ ಉಳಿದರು. ನನ್ನ ಮದುವೆಯಾದ ಮೇಲೆ ಅವರು ಈ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ದಿನ ಉಳಿದದ್ದು ಅದೇ ಮೊದಲು. ಬೆಳಗಿಂದ ಸಂಜೆವರೆಗೂ ಇಬ್ಬರೂ ಹಿತ್ತಲಲ್ಲೇ. ಹಾಕಿದ್ದ ಅಡ್ಡಪಟ್ಟಿಗಳನ್ನೆಲ್ಲ ಕತ್ತರಿಸಿ ತೆಗೆಯುವುದು, ಎರಡಿಂಚು ಉದ್ದದವನ್ನು ಹೊಸದಾಗಿ ಬೆಸೆಯುವುದು. ಅಪ್ಪ ಪ್ರತಿ ಮೊಳಕ್ಕೂ ಕೋಲು ಇಳಿಸಿ ನೋಡುವುದು. ಜೊತೆಗೆ ಮಾತು. ಮಾತೆಂದರೆ ಜಗಳವೇ, ಆದರೆ ಸದ್ದು ನಿಲ್ಲುತ್ತಿರಲಿಲ್ಲ.

“ಅಂಗೆ ಇಡ್ಕಂಡ್ರೆ ಸೊಟ್ಟ ಬತ್ತದೆ ಅಳೀಂದ್ರೆ.”

“ಮಾವ, ಕಿಡಿ ಹಾರ್ತದೆ, ನೀವು ಆ ಕಡೆ ಕೂತ್ಕಳಿ.”

“ಕಿಡಿ ಕಾಣ್ದೋನಾ ನಾನು?”

“ಕಾಣ್ದೋರಲ್ಲ. ಪಂಚೆ ಉಟ್ಟೋರು.”

ಎಡವಟ್ಟಾದದ್ದು ತಿರುವಿನಲ್ಲಿ. ತೆಂಗಿನ ಮರದ ಸುತ್ತ ಬಗ್ಗಿಸಿದ್ದ ಕಂಬಿಯ ಅಡ್ಡಪಟ್ಟಿಗಳನ್ನು ಕತ್ತರಿಸುತ್ತಿದ್ದ ಹಾಗೆ, ಬಿಗಿಹಿಡಿದದ್ದು ಬಿಟ್ಟುಹೋಗಿ ಪೈಪು ಎರಡೂ ಎರಡು ದಿಕ್ಕಿಗೆ ನೆಟ್ಟಗಾಗಲು ನೋಡಿದವು. ಮತ್ತೆ ಬಗ್ಗಿಸಲು ಹೋದರೆ ಅರ್ಧ ಭಾಗದಲ್ಲಿ ಪೈಪು ನಲುಗಿ ಚಪ್ಪಟೆಯಾಯಿತು. “ಒಳಗೆ ಟೊಳ್ಳು” ಎಂದು ಅಪ್ಪ ತಲೆಯಾಡಿಸಿದರು, ಮೊದಲೇ ಗೊತ್ತಿದ್ದವರ ಹಾಗೆ. ನಲುಗಿದ ಹತ್ತಡಿ ಕತ್ತರಿಸಿ ಬಿಸಾಡಿ, ಕೊನೆಯ ಏಣಿಯಿಂದ ಹತ್ತಡಿ ತೆಗೆದು ಬಗ್ಗಿಸಿ ತಿರುವಿಗೆ ಹಾಕಿದರು. ಹಾಗಾಗಿ ತುದಿಯಲ್ಲಿ ಹತ್ತಡಿ ಖಾಲಿ ಉಳಿಯಿತು. ನಾಳೆ ಅಂಗಡಿಯಲ್ಲಿ ಹೊಸ ತುಂಡು ಮಾಡಿ ತರುತ್ತೇನೆ, ಅಲ್ಲಿಗೆ ಮುಗಿಯಿತು ಎಂದರು ಇವರು.

ಅಷ್ಟರಲ್ಲಿ ಓಡಿಸಿ ನೋಡೋಣ ಅಂತ ಎರಡು ಅಕ್ಕಿ ಮೂಟೆ ಸೀಟಿನ ಮೇಲೆ ಕಟ್ಟಿದರು. ಅಪ್ಪ ತೂಕ ಅಂದಾಜು ಮಾಡಿ ಇನ್ನೊಂದು ಅರ್ಧ ಮೂಟೆ ಸೇರಿಸಿದರು. ಅತ್ತೆ ಆವತ್ತೂ ಅವರೆಕಾಯಿ ಮೊರ ಹಿಡಿದು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

“ಆ ಮೂಟೆ ಯಾರು?”

ಇವರು ಹಗ್ಗ ಬಿಗಿಯುವವರ ಹಾಗೆ ಬಗ್ಗಿದರು.

“ನಾನು ಅಷ್ಟು ದಪ್ಪ ಇವ್ನಾ? ಅರ್ಧ ಮೂಟೆ ಇಳಿಸ್ಲಾ.”

ಇಳಿಸಿದರು. ಬಟನ್ ಒತ್ತಿದಾಗ ಸ್ಕೂಟರಿನ ಅದೇ ಹಳೇ ಸದ್ದು ಬಂತು. ಮೂಟೆಗಳು ನಿಧಾನವಾಗಿ ಇಳಿದು, ತೆಂಗಿನ ಮರ ಸುತ್ತಿಕೊಂಡು, ಕಂಬಿಯ ತುದಿಗೆ ಹೋಗಿ ನಿಂತವು. ಅಪ್ಪ ಪಕ್ಕದಲ್ಲೇ ನಡೆಯುತ್ತಾ ಬ್ರೇಕು ಹಿಡಿದಿದ್ದರು. ಹಿಂದಕ್ಕೂ ಬಂದವು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಚಪ್ಪಾಳೆ ತಟ್ಟಿದರು. ಇಷ್ಟು ದಿನದಿಂದ ಎದೆಯಲ್ಲಿದ್ದ ಭಾರ ಇಳಿದ ಹಾಗಾಯಿತು ನನಗೆ. ನಾಳೆ ಬೆಳಗ್ಗೆ ಅತ್ತೆ ಪತ್ರೆ ತರುತ್ತಾರೆ, ತಿಂಡಿ ತಿನ್ನುತ್ತಾರೆ. ಅಷ್ಟೇ ತಾನೆ ಬೇಕಿದ್ದದ್ದು?

“ನಾಳೆ ನಿಮ್ಮದೇ ಸವಾರಿ ಅತ್ತೆ,” ಅಂದೆ.

“ನಾನ್ಯಾಕೆ ಓಗ್ಲಿ?”

ನನಗೆ ಅರ್ಥವಾಗಲಿಲ್ಲ.

“ಮರದ ಬುಡಕ್ಕೇ ಕರ್ಕಂಡು ಓಗಿ ನಿಲ್ಲಿಸ್ತೀರಿ. ಕೂತ ಕಡೆಯಿಂದ್ಲೇ ಕೈ ಚಾಚಿ ಕೀಳ್ಬೇಕು. ಅದ್ರಾಗೆ ನನ್ ಕಾಲಿಗೇನು ಕೆಲ್ಸ? ಕೂತ್ಕಂಡೇ ತರದಾದ್ರೆ ನೀನು ತಂದ ಸೊಪ್ಪೇ ಆಯ್ತಿತ್ತಲ್ಲ ಕಣಮ್ಮಿ. ನಾನು ಅವತ್ತೇ ಏಳಿದ್ನಲ್ಲ, ನನ್ ಕಾಲಲ್ಲಿ ಅಂತ.”

ಹೇಳಿದ್ದರು. ಮೊದಲ ದಿನವೇ ಹೇಳಿದ್ದರು. ಮೂರು ಜನ ಒಂದು ತಿಂಗಳು ಅಳೆದು, ಕತ್ತರಿಸಿ, ಬೆಸೆದು, ಮತ್ತೆ ಕತ್ತರಿಸಿ, ಆ ಒಂದು ಮಾತನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ. ನನಗೆ ಕೋಪ ಬಂತು. ಅಳುವೂ ಬಂತು. ನಾಳೆ ಬೆಳಗ್ಗೆ ಮತ್ತೆ ಅರ್ಧ ಲೋಟ ಕಾಫಿ, ಮತ್ತೆ ಮಾತ್ರೆ, ನಾನು ಮತ್ತೆ ಹತ್ತು ಗಂಟೆವರೆಗೆ ಅವರ ಹಿಂದೆ ಹಿಂದೆಯೇ ಓಡಾಡುವುದು. ಇವರು ಗ್ರೈಂಡರಿನ ವೈರು ಸುತ್ತುತ್ತಾ, “ನಮ್ಮವ್ವ ಯಾವತ್ತು ಒಪ್ಪಿವ್ಳೆ” ಎಂದು ಒಳಗೆ ಹೋದರು.

ಅಪ್ಪ ಮಾತ್ರ ಹೋಗಲಿಲ್ಲ. ಕಂಬಿ ಮುಗಿದ ಜಾಗದಲ್ಲಿ ನಿಂತು ಬಿಲ್ವದ ಮರದ ಕಡೆಗೊಮ್ಮೆ, ಅತ್ತೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಅಲ್ಲಿಂದಲೇ ಕೂಗಿ ಹೇಳಿದರು.

“ಬೀಗ್ತಿಯೋರೆ, ರೈಲು ಯಾರ ಮನೆ ಬಾಗ್ಲಿಗೂ ಓಗಕ್ಕಿಲ್ಲ. ಟೇಸನ್‌ಗೆ ಓಯ್ತದೆ. ಅಲ್ಲಿಂದ ಮನೆಗೆ ಅವ್ರವ್ರೇ ನಡೀಬೇಕು.”

ಅತ್ತೆ ತಲೆ ಎತ್ತಿ ನೋಡಿದರು.

“ಇದು ಟೇಸನ್ನು,” ಎಂದು ಅಪ್ಪ ಕಾಲಲ್ಲಿ ನೆಲ ತಟ್ಟಿ ತೋರಿಸಿದರು. “ಕಂಬಿ ಇಲ್ಲಿಗೇ ಮುಗೀತು. ಇನ್ನು ಆಕಕ್ಕಿಲ್ಲ. ಇಲ್ಲಿಂದ ಮರಕ್ಕೆ ಐದಾರು ಎಜ್ಜೆ ಅದೆ. ನೆಲ ಮಟ್ಟಸ ಅದೆ. ಅದನ್ನ ನಾನೂ ತಳ್ಳಕ್ಕಿಲ್ಲ, ಮೋಟ್ರೂ ತಳ್ಳಕ್ಕಿಲ್ಲ.”

ಅತ್ತೆ ಅವರೆಕಾಯಿ ಸಿಪ್ಪೆಯನ್ನು ಮೊರದ ಒಂದು ಮೂಲೆಗೆ ಒತ್ತರಿಸಿದರು. ಯೋಚನೆ ಮಾಡುವಾಗ ಅವರು ಹಾಗೇ ಏನಾದರೂ ಒತ್ತರಿಸುತ್ತಾರೆ. ಆಮೇಲೆ ನನ್ನನ್ನು ಕೇಳಿದರು.

“ಗೋಪಾಲಸ್ವಾಮಿ ಬೆಟ್ಟಕ್ಕೆ ಓದಾಗ ಬಸ್ಸು ಎಲ್ಲಿಗಂಟ ಓಗಿತ್ತು?”

“ಮೆಟ್ಟಿಲವರೆಗೆ.”

“ಮೆಟ್ಲು?”

“ನೀವೇ ಹತ್ತಿದ್ರಿ.”

“ಅಂಗಾರೆ ನಾನು ಬೆಟ್ಟಕ್ಕೆ ಓಗಿವ್ನಾ, ಬಸ್ಸು ಓಗದಾ?”

“ನೀವೇ ಹೋಗಿರೋದು ಅತ್ತೆ.”

“ಊಂ,” ಎಂದರು. ಮೊರ ಎತ್ತಿಕೊಂಡು ಒಳ ಹೋದರು. ಒಪ್ಪಿಗೆಯಾ ಅಲ್ಲವಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ, ಬಿಳಿ ಸೀರೆ ಉಟ್ಟು, ಪತ್ರೆಯ ಬುಟ್ಟಿ ಹಿಡಿದು ಬಾಗಿಲಿಗೆ ಬಂದು ನಿಂತರು. ಅಪ್ಪ ಹತ್ತಿರ ಹೋಗಲಿಲ್ಲ, ತೆಂಗಿನ ಮರದ ಹತ್ತಿರ ಕೈಕಟ್ಟಿ ನಿಂತಿದ್ದರು. ಬಟನ್ ಎಲ್ಲಿ, ಬ್ರೇಕು ಎಲ್ಲಿ ಎಂದು ಇವರು ತೋರಿಸಿದರು. “ಗೊತ್ತು ಬುಡ್ಲಾ, ನಾಕು ದಿನದಿಂದ ನೋಡ್ತಾ ಇವ್ನಿ” ಎಂದು ಅತ್ತೆ ಕೂತರು. ಸೀಟು ಎತ್ತರವಿತ್ತು, ಕೂರಲು ಕಷ್ಟವಾಗಲಿಲ್ಲ. ಗಾಡಿ ಹೊರಟಿತು. ತಿರುವಿನಲ್ಲಿ ಅತ್ತೆ ಒಂದು ಕೈಯಲ್ಲಿ ಕಮಲದ ಗ್ರಿಲ್ಲು ಹಿಡಿದುಕೊಂಡರು. ಗಂಡ ನನ್ನ ಕಡೆ ನೋಡಿದರು. ಹೂವು ಯಾಕೆ ಅಂತ ಕೇಳಿದ್ದೆಯಲ್ಲ ಅನ್ನುವ ಹಾಗೆ.

ತುದಿಯಲ್ಲಿ ಗಾಡಿ ನಿಂತಿತು. ಅತ್ತೆ ಇಳಿದರು. ಕೋಲು ಊರಿಕೊಂಡು ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ನಿಂತು ಉಸಿರು ತೆಗೆದುಕೊಂಡರು. ನಾನು ಓಡಲು ಹೊರಟೆ, ಅಪ್ಪ ಕೈ ಅಡ್ಡ ಹಿಡಿದರು. ಒಟ್ಟು ಆರು ಹೆಜ್ಜೆ. ಮರ ಮುಟ್ಟಿ, ಕಣ್ಣಿಗೊತ್ತಿಕೊಂಡು, ಕೊಂಬೆ ಬಗ್ಗಿಸಿ ಒಂದೊಂದೇ ಪತ್ರೆ ಕಿತ್ತು ಬುಟ್ಟಿಗೆ ಹಾಕಿದರು. ಮೊದಲಿನ ಹಾಗೆಯೇ, ತೂತು ಬಿದ್ದದ್ದನ್ನು ಬಿಟ್ಟು. ನಾವು ಮೂರು ಜನ ಮೂರು ಕಡೆ ನಿಂತು ನೋಡುತ್ತಿದ್ದೆವು.

ಅದೇ ಸಂಜೆ ಇವರು ಅಂಗಡಿಯಿಂದ ಹತ್ತಡಿ ತುಂಡು ತಂದರು. ಕತ್ತರಿಸಿ ತೆಗೆದಿದ್ದ ಗಿಡ್ಡ ಅಡ್ಡಪಟ್ಟಿಗಳು ದಂಡವಾಗದಿರಲಿ ಅಂತ ಅವನ್ನೇ ಹಾಕಿ ಬೆಸೆದಿದ್ದರು. ಹೊರಗಿನಿಂದ ಹೊರಗೆ ಹದಿನೈದು, ಗೇಟಿನ ಲೆಕ್ಕವೇ. ಅದನ್ನು ನೆಲದ ಮೇಲೆ ಮಲಗಿಸಲಿಲ್ಲ. ಎರಡು ಗೂಟ ನೆಟ್ಟು, ಗಾಡಿ ನಿಲ್ಲುವ ಜಾಗದಿಂದ ಮರದವರೆಗೆ, ಅತ್ತೆಯ ಸೊಂಟದ ಎತ್ತರಕ್ಕೆ ಅಡ್ಡಲಾಗಿ ನಿಲ್ಲಿಸಿದರು. ಹಿಡಿದುಕೊಂಡು ನಡೆಯಲು. ಅಪ್ಪ ಒಂದು ಸಲ ಅಲ್ಲಾಡಿಸಿ ನೋಡಿ, “ಗಟ್ಟಿ ಅದೆ ಅಳೀಂದ್ರೆ” ಎಂದರು. ಫೋಟೋದಲ್ಲಿ ತುದಿಗೆ ಬೇಲಿ ಥರ ಕಾಣುವುದು ಅದೇ.

ಹತ್ತಡಿ ಯಾಕೆ ಬಿಟ್ಟಿರಿ ಅಂದರೆ ಇದಕ್ಕೆ.

ಮೊದಲ ದಿನದ ಒಂದು ಮಾತು ಬಿಟ್ಟುಹೋಯಿತು. ಅವತ್ತು ಅತ್ತೆ ಬುಟ್ಟಿ ತುಂಬಿಸಿಕೊಂಡು ಬಂದು ಪೂಜೆಗೆ ಕೂತರು. ನಾನು ಅಡುಗೆಮನೆಯಲ್ಲಿ ಏನೂ ಮಾಡದೆ ನಿಂತಿದ್ದೆ. ಹಿಟ್ಟು ರುಬ್ಬಿಟ್ಟಿತ್ತು, ಆದರೂ ಕಾವಲಿ ಇಡಲು ಕೈ ಬರುತ್ತಿರಲಿಲ್ಲ. ಇಟ್ಟ ಮೇಲೆ ಬೇಡ ಅಂದುಬಿಟ್ಟರೆ? ಅರ್ಧ ಗಂಟೆ ಕಳೆಯಿತು. ದೇವರ ಕೋಣೆಯ ಗಂಟೆಯ ಸದ್ದು ನಿಂತಿತು.

“ಏನ್ ಕಣಮ್ಮಿ,” ಎಂದು ಒಳಗಿನಿಂದ ಕೂಗು ಬಂತು, “ಕಾವ್ಲಿ ಇಟ್ಟಿದ್ಯಾ, ಇಲ್ಲ ಬೀಗರ ಮುಂದೆ ನನ್ನ ಉಪಾಸ ಕೂರಿಸ್ತಿಯಾ?”